ಪಂಕ್ತಿಭೇದ ಎಂಬ ಮಾತು ಯಾರ ಬಾಯಲ್ಲಿ?

ನಮ್ಮ ಕಾವ್ಯದಲ್ಲಿ ಹಸಿವು ಬಂದಷ್ಟು ಊಟ ಬಂದಿಲ್ಲ. ಬಂಡಾಯದ ಯಾವ ಸಂಕಲನ ತೆಗೆದು ನೋಡಿದರೂ ಅಲ್ಲಿ ಹಸಿವಿದೆ, ಒಡಲಿದೆ, ಬೆಂಕಿಯಿದೆ. ಆ ಬೆಂಕಿಯ ಮೇಲೆ ಪಾತ್ರೆ ಇಟ್ಟು, ಬೇಳೆ ಬೇಯಿಸಿ, ಸೌಟು ಹಿಡಿದು ಇಸ್ಕೂಲಿನ ಜಗಲಿಯ ಮೇಲೆ ಸಾಲಾಗಿ ಕೂತ ಮಕ್ಕಳ ತಟ್ಟೆಗೆ ಬಡಿಸುವ ಹೆಂಗಸು ಮಾತ್ರ ಎಲ್ಲೂ ಕಾಣುವುದಿಲ್ಲ. ಕವಿಗಳು ನೋಡದೆ ಬಿಟ್ಟ ಜಾಗವನ್ನು ಮಠಗಳು ನೋಡಿದವು, ಟ್ರಸ್ಟುಗಳು ನೋಡಿದವು, ತಜ್ಞರ ಸಮಿತಿಗಳೂ ನೋಡಿದವು. ಕರ್ನಾಟಕದಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಸುಮಾರು 55 ಲಕ್ಷ ಮಕ್ಕಳು ಈ ಯೋಜನೆಯೊಳಗಿದ್ದಾರೆ ಅಂತ 2024ರಲ್ಲಿ ಸರ್ಕಾರವೇ ಹೇಳಿತು. ದಿನಾ ಮಧ್ಯಾಹ್ನ ಇಷ್ಟು ದೊಡ್ಡ ಪಂಕ್ತಿ ಬೀಳುವ ಇನ್ನೊಂದು ಜಾಗ ಈ ನಾಡಿನಲ್ಲಿ ಇಲ್ಲ. ಹಾಗಾಗಿ ಈ ಸಲ ಕವನ ಸಂಕಲನವೊಂದರ ವಿಮರ್ಶೆ ಬರೆಯುವ ಬದಲು ಶಾಲೆಯ ಊಟದ ಸುತ್ತ ಬಳಕೆಯಾಗುತ್ತಿರುವ ಕೆಲವು ಮಾತುಗಳನ್ನು ಓದಲು ಹೊರಟಿದ್ದೇನೆ.

ಮೊದಲು ಒಂದು ಬರೆಹ. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ 2022ರಲ್ಲಿ ಕರ್ನಾಟಕದಿಂದ 26 ನಿಲುವು ಪತ್ರಗಳು ಹೋದವು. ಅದರಲ್ಲಿ ಒಂದು ಮಕ್ಕಳ ಆರೋಗ್ಯದ ಮೇಲೆ. ಮೊಟ್ಟೆ ಮಾಂಸ ತಿಂದರೆ ಜೀವನಶೈಲಿಯ ರೋಗಗಳು ಬರುತ್ತವೆ, ಭಾರತೀಯರದು ಸಣ್ಣ ಮೈಕಟ್ಟು, ಹೆಚ್ಚಿನ ಶಕ್ತಿ ಅದಕ್ಕೆ ಬೇಕಾಗಿಲ್ಲ ಎಂಬುದು ಅದರ ಒಂದು ವಾದ. ಒಂದೇ ಸಾಲಿನಲ್ಲಿ ಕೂತ ಮಕ್ಕಳಿಗೆ ಬೇರೆ ಬೇರೆ ತಿನಿಸು ಕೊಡುವುದು ಪಂಕ್ತಿಭೇದ, ಪಂಕ್ತಿಭೇದ ಅಧರ್ಮ ಎಂಬುದು ಇನ್ನೊಂದು ವಾದ. ಆಮೇಲೆ ಸರ್ಕಾರ ಬದಲಾಯಿತು, ರಾಜ್ಯಕ್ಕೆ ಬೇರೆ ಶಿಕ್ಷಣ ನೀತಿ ಬೇಕೆಂದು 2023ರಲ್ಲಿ ಬೇರೆ ಆಯೋಗ ಕೂತಿತು. ಆ ಪತ್ರ ಕಪಾಟು ಸೇರಿರಬಹುದು. ಅದರೊಳಗಿನ ವಾದ ಮಾತ್ರ ಊರೂರಲ್ಲಿ ಓಡಾಡಿಕೊಂಡಿದೆ.

ಸಣ್ಣ ಮೈಕಟ್ಟಿನ ಮಾತು ಮೊದಲು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಇಸ್ಕೂಲಿಗೆ ಬರುವುದು ಇದೇ ಮಕ್ಕಳು. ತಲೆಮಾರುಗಳ ಅರೆಹೊಟ್ಟೆ ಮೈಮೇಲೆ ಬಿಟ್ಟ ಗುರುತನ್ನು ಮೈಯ ಸ್ವಭಾವ ಅಂತ ಬರೆದುಕೊಂಡು, ಆ ಸ್ವಭಾವದ ಹೆಸರಲ್ಲೇ ಇನ್ನಷ್ಟು ಅರೆಹೊಟ್ಟೆಯ ತೀರ್ಪು ಕೊಡುವುದು ನಮಗೆ ಹೊಸದಲ್ಲ. ನಿಮಗೆ ಓದು ಹತ್ತಲ್ಲ, ಯಾಕಂದ್ರೆ ನಿಮ್ಮ ಅಪ್ಪಂಗೆ ಹತ್ತಿರಲಿಲ್ಲ ಅಂತ ಹೇಳ್ತಿದ್ದರಲ್ಲ, ಅದೇ ತರ್ಕ ಇದು.

ಇನ್ನು ಪಂಕ್ತಿಭೇದ. ಈ ಮಾತಿನ ಅರ್ಥವನ್ನು ನಮಗೆ ಯಾರೂ ನಿಘಂಟು ತೆಗೆದು ಹೇಳಿಕೊಡಬೇಕಾಗಿಲ್ಲ. ಮದುವೆಮನೆಯ ಊಟ ಎಲ್ಲ ಮುಗಿದ ಮೇಲೆ ಪಾತ್ರೆ ಹಿಡಿದು ಹಿತ್ತಲಲ್ಲಿ ನಿಂತವರಿಗೆ ಅದರ ಅರ್ಥ ಗೊತ್ತು. ಉಡುಪಿಯಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಯಾಕೆ ಅಂತ ಎಷ್ಟು ವರ್ಷ ಚಳವಳಿ ಮಾಡಬೇಕಾಯಿತು ಅನ್ನುವುದೂ ಗೊತ್ತು. ಅಲ್ಲಿ ಭೇದ ಇದ್ದದ್ದು ಪಂಕ್ತಿಯಲ್ಲಿ. ಅನ್ನ ಒಂದೇ ಹಂಡೆಯದಾದರೂ ಕೂರುವ ಜಾಗ ಬೇರೆ. ಶಾಲೆಯಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು: ಜಾಗ ಒಂದೇ, ಸಾಲು ಒಂದೇ, ಒಬ್ಬನ ತಟ್ಟೆಯಲ್ಲಿ ಮೊಟ್ಟೆ, ಬೇಡ ಅಂದವನ ತಟ್ಟೆಯಲ್ಲಿ ಬಾಳೆಹಣ್ಣು. ಇಬ್ಬರೂ ತೊಡೆಗೆ ತೊಡೆ ತಾಗಿಸಿಕೊಂಡು ಕೂತಿದ್ದಾರೆ. ಇದನ್ನು ಪಂಕ್ತಿಭೇದ ಅನ್ನುವವರಿಗೆ ಕಷ್ಟ ಆಗಿರುವುದು ಭೇದದಿಂದಲೋ ಪಂಕ್ತಿಯಿಂದಲೋ ಅಂತ ಕೇಳಬೇಕಾಗುತ್ತದೆ. ಭೇದ ಬೇಡ ಅನ್ನುವ ಕಾಳಜಿ ನಿಜವಾಗಿಯೂ ಇದ್ದರೆ, ತಿನ್ನುವವನ ತಟ್ಟೆಯಿಂದಲೇ ಯಾಕೆ ಕಿತ್ತುಕೊಳ್ಳಬೇಕು?

ಮೇಷ್ಟ್ರುಗಳು ಬೋರ್ಡಿನ ಮೇಲೆ ಹಾಕಿ ತೋರಿಸಬಹುದಾದ ಒಂದು ಲೆಕ್ಕ ಇದೆ. ಕೇಂದ್ರದ ನಿಯಮದಂತೆ ಪ್ರಾಥಮಿಕ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಈ 12 ಗ್ರಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಅಕ್ಕಿಯಿಂದ. ಸಾಂಬಾರು ನೀರಾದ ದಿನ ಬೇಳೆಯ ಪಾಲು ಎಲ್ಲಿ ಹೋಯಿತು ಅಂತ ಯಾರೂ ಹುಡುಕುವುದಿಲ್ಲ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಿದೆ. ಮೈಗೆ ಬೇಕಾದ ಎಲ್ಲಾ ಅಮೈನೊ ಆಮ್ಲಗಳೂ ಇವೆ, ಎ ಜೀವಸತ್ವ ಇದೆ, ಸೊಪ್ಪು ಕಾಳುಗಳಲ್ಲಿ ಸಿಗದ ಬಿ12 ಇದೆ. ಅದಕ್ಕಿಂತ ದೊಡ್ಡ ಗುಣ ಒಂದಿದೆ. ಮೊಟ್ಟೆಗೆ ನೀರು ಬೆರೆಸುವುದಕ್ಕೆ ಆಗುವುದಿಲ್ಲ. ಬಂತು ಅಂದ್ರೆ ಬಂತು, ಇಲ್ಲ ಅಂದ್ರೆ ಇಲ್ಲ. ಎರಡನೇ ಕ್ಲಾಸಿನ ಮಗುವೂ ಎಣಿಸಬಲ್ಲುದು.

ಇಲ್ಲಿ ನನಗೆ ಕನಕದಾಸರ 'ರಾಮಧಾನ್ಯ ಚರಿತೆ' ನೆನಪಾಗುತ್ತದೆ. ಅಕ್ಕಿಗೂ ರಾಗಿಗೂ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಕೆಟ್ಟುಹೋಗುತ್ತದೆ, ರಾಗಿ ಹಾಗೇ ಇರುತ್ತದೆ. ರಾಗಿ ಗೆದ್ದು ರಾಘವನ ಹೆಸರು ಪಡೆಯುತ್ತದೆ. ಇದನ್ನು ಶೂದ್ರಧಾನ್ಯದ ಗೆಲುವು ಅಂತ ಪಾಠ ಮಾಡುತ್ತೇವೆ, ಸರಿಯೇ. ಆದರೆ ಆ ಗೆಲುವಿನೊಳಗೆ ಒಂದು ಮುಳ್ಳಿದೆ. ರಾಗಿ ತನ್ನ ಗಟ್ಟಿತನ ತೋರಿಸಲಿಕ್ಕೆ ಸೆರೆಮನೆಗೆ ಹೋಗಬೇಕಾಯಿತು, ಗೆದ್ದ ಮೇಲೂ ದೊಡ್ಡವರ ಹೆಸರು ಹೊತ್ತುಕೊಳ್ಳಬೇಕಾಯಿತು. ತನ್ನ ಹೆಸರಲ್ಲೇ ರಾಜಸಭೆಯಲ್ಲಿ ಕೂರಲಾಗಲಿಲ್ಲ. ನಮ್ಮ ಶಾಲೆಗಳಿಗೆ 2024ರ ಫೆಬ್ರವರಿಯಲ್ಲಿ ರಾಗಿ ಬಂದದ್ದೂ ಹೀಗೆಯೇ. ನಮ್ಮವ್ವ ತೊಳಸುವ ಮುದ್ದೆಯಾಗಿ ಬರಲಿಲ್ಲ, ಅಂಬಲಿಯಾಗಿಯೂ ಬರಲಿಲ್ಲ. ಸಾಯಿಬಾಬಾ ಹೆಸರಿನ ಟ್ರಸ್ಟೊಂದರ ಪೊಟ್ಟಣದಲ್ಲಿ 'ಹೆಲ್ತ್ ಮಿಕ್ಸ್' ಆಗಿ, ಹಾಲಿಗೆ ಬೆರೆತು ಬಂತು. ಮಕ್ಕಳು ಕುಡಿಯುತ್ತಿದ್ದಾರೆ, ಕುಡಿಯಲಿ, ಅದು ಒಳ್ಳೆಯದೇ. ನಾನು ಕೇಳುತ್ತಿರುವುದು ಹೆಸರಿನ ಮಾತು. ಹಟ್ಟಿಯಲ್ಲಿ ತಿಂದಾಗ ಬಡತನ ಅನ್ನಿಸಿಕೊಂಡದ್ದು ಪೊಟ್ಟಣಕ್ಕೆ ಹೋದ ಕೂಡಲೆ ಆರೋಗ್ಯ ಆಗುವುದು ಹೇಗೆ?

ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ಒಟ್ಟಿಗೆ ಕೂತು ಕದ್ದು ತಂದ ಕಡಲೆಕಾಯಿ ತಿನ್ನುವ ರಾತ್ರಿ ಇದೆ. ಕನ್ನಡದಲ್ಲಿ ಊಟವನ್ನು ಕುರಿತು ಅದಕ್ಕಿಂತ ಸಂಭ್ರಮದ ಬರೆಹ ನಾನು ಓದಿಲ್ಲ. ಹಸಿದವರನ್ನು ಕನಿಕರದಿಂದ ನೋಡುವ ಲೇಖಕನಿಗೆ ಅದು ಸಿಕ್ಕುತ್ತಿರಲಿಲ್ಲ. ಅಲ್ಲಿ ತಿನ್ನುವವರಿಗೆ ರುಚಿ ಇದೆ, ನಗು ಇದೆ, ಹಂಚಿಕೊಳ್ಳುವ ಗತ್ತು ಇದೆ. ಪೌಷ್ಟಿಕ ಆಹಾರದ ಮೇಲೆ ಇಲಾಖೆಗಳು ಹೊರಡಿಸುವ ಕೈಪಿಡಿಗಳಲ್ಲಿ ಇಲ್ಲದ್ದು ಇದೇ. ಅಲ್ಲಿ ಬಡವರ ಮಗು ಅಂದರೆ ತೂಕ ಕಡಿಮೆ ಇರುವ ಒಂದು ಚೀಲ, ತುಂಬಬೇಕು ಅಷ್ಟೆ. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂತ 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಅಂದಾಗ ಊರೆಲ್ಲಾ ಹೊತ್ತಿ ಉರಿಯಿತು, ಅವರ ಮಂತ್ರಿಗಿರಿ ಹೋಯಿತು. ದನದ ಮೇವಿನ ಹೆಸರು ಎತ್ತಿದ್ದಕ್ಕೆ ಅಷ್ಟು ಸಿಟ್ಟಾದವರು ಮನುಷ್ಯರ ಮಕ್ಕಳು ಏನು ತಿನ್ನುತ್ತಾರೆ ಅಂತ ಒಮ್ಮೆಯಾದರೂ ಬೀದಿಗಿಳಿದದ್ದು ನಾನು ಕೇಳಿಲ್ಲ.

ದಾಸೋಹ ಎಂಬ ಮಾತಿಗೆ ಬರೋಣ. ಕರ್ನಾಟಕದ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಅಂತ ಹೆಸರು. ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆಜ್ಞೆ ಮಾಡಿದ ಮೇಲೆ, 2002ರಲ್ಲಿ ಇಲ್ಲಿ ಶುರುವಾಯಿತು. ಶರಣರಲ್ಲಿ ದಾಸೋಹ ಅಂದರೆ ಕಾಯಕದಿಂದ ಬಂದದ್ದನ್ನು ನೀಡುವವನೇ ತಲೆ ತಗ್ಗಿಸಿ ಹಂಚುವುದು. ತಿನ್ನುವವನು ತಲೆ ತಗ್ಗಿಸಬೇಕು ಅಂತ ಆ ಮಾತಿನಲ್ಲಿ ಎಲ್ಲೂ ಇಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳೂ ವಿಜಯಪುರವೂ ಸೇರಿ 7 ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಎದ್ದು ನಿಂತವರಲ್ಲಿ ಆ ಶರಣರ ಹೆಸರು ಹೇಳುವ ಸ್ವಾಮಿಗಳೂ ಇದ್ದರು. ಸಿದ್ಧಗಂಗೆಯಲ್ಲಿ ಉಂಡು ಓದಿದ ಸಾವಿರಾರು ಬಡಮಕ್ಕಳಿದ್ದಾರೆ, ಆ ಅನ್ನವನ್ನು ನಾನು ಹಗುರ ಮಾಡುವುದಿಲ್ಲ. ಮಠದಲ್ಲಿ ಮಠದ ಊಟ, ಅದಕ್ಕೆ ತಕರಾರಿಲ್ಲ. ಸರ್ಕಾರಿ ಶಾಲೆಗೆ ಮಠದ ಅಡಿಗೆಮನೆಯ ಕಟ್ಟಳೆ ಯಾಕೆ? ಆಗ ಗಂಗಾವತಿಯ ಶಾಲೆಯ ಒಬ್ಬಳು ಹುಡುಗಿ ಎದ್ದು, ನಮಗೆ ಮೊಟ್ಟೆ ಬೇಕು, ಬೇಡ ಅನ್ನೋಕೆ ನೀವ್ಯಾರು ಅನ್ನುವ ಧಾಟಿಯಲ್ಲಿ ಕೇಳಿದಳು. ನಾಡೆಲ್ಲಾ ಕೇಳಿಸಿಕೊಂಡಿತು. ಆ ವರ್ಷ ಬಂದ ಬಂಡಾಯದ ಕವಿತೆಗಳಲ್ಲಿ ಅದಕ್ಕೆ ಸಮನಾದದ್ದು ನನಗೆ ಸಿಗಲಿಲ್ಲ. ಆಮೇಲೆ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಂಜಿ ಫೌಂಡೇಶನ್ನಿನ ಹಣದಿಂದ ವಾರಕ್ಕೆ ಆರು ದಿನ ಆಯಿತು.

ಬೆಂಗಳೂರಿನ ಇಸ್ಕಾನಿನಿಂದ 2000ದಲ್ಲಿ ಹುಟ್ಟಿದ ಅಕ್ಷಯ ಪಾತ್ರದ ಅಡಿಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಶುಚಿಯಾಗಿರಬಹುದು, ಹೊತ್ತಿಗೆ ಸರಿಯಾಗಿ ಬರಬಹುದು. ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುವ ಮನೆಯಿಂದ ಬಂದ ಮಗುವಿಗೆ ಅದು ದಿನಾ ಹೇಳುವುದೇನು? ನಿಮ್ಮ ಮನೆಯ ವಾಸನೆ ಇಲ್ಲಿಗೆ ತರಬೇಡ ಅಂತ ತಾನೆ. ಸಾತ್ವಿಕ ಎಂಬ ಮಾತಿನ ಕೆಲಸವೇ ಇದು. ಬೈಯದೆ ಬೈಯುತ್ತದೆ.

ಈಗ ಎಲ್ಲಕ್ಕಿಂತ ಅಪಾಯದ ಮಾತು: ಸಮುದಾಯ. ಶಾಲೆಯ ಊಟದಲ್ಲಿ ಸಮುದಾಯ ಭಾಗವಹಿಸಬೇಕು ಅಂತ ಎಲ್ಲ ಸುತ್ತೋಲೆಗಳೂ ಹೇಳುತ್ತವೆ. ಯಾವ ಸಮುದಾಯ? 2015ರಲ್ಲಿ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ದಲಿತ ಹೆಂಗಸು ಅಡಿಗೆ ಮಾಡುತ್ತಾಳೆ ಅಂತ ಹೆಚ್ಚಿನ ಮಕ್ಕಳನ್ನು ಬಿಡಿಸಿಕೊಂಡು ಹೋದದ್ದು ಸಮುದಾಯವೇ. 2025ರಲ್ಲಿ ಚಾಮರಾಜನಗರದ ಹೊಮ್ಮ ಗ್ರಾಮದಲ್ಲಿ ಅಂಥದೇ ಸುದ್ದಿ ಬಂತು. ಪಾಠ ಸರಿಯಿಲ್ಲ, ಅದಕ್ಕೇ ಬಿಡಿಸಿದೆವು ಅಂತಲೂ ಪೋಷಕರು ಅಂದರು. ಅದೇ ವರ್ಷ ಮಂಡ್ಯದ ಆಲಕೆರೆಯಲ್ಲಿ, ದೇವಸ್ಥಾನದ ಹತ್ತಿರ ಇರುವ ಶಾಲೆಯಲ್ಲಿ ಮೊಟ್ಟೆ ಬೇಯಬಾರದು ಅಂತ ಪಟ್ಟು ಹಿಡಿದು ಹಲವರು ಮಕ್ಕಳನ್ನು ಬಿಡಿಸಿದರು. ಇದೂ ಸಮುದಾಯದ ಭಾಗವಹಿಸುವಿಕೆ. ಊರು ಭಾಗವಹಿಸಿತು, ಕೇರಿ ನೋಡುತ್ತಾ ನಿಂತಿತು.

ಕಾನೂನು ಮಾತ್ರ ಕೇರಿಯ ಕಡೆಗಿದೆ. ಅಡಿಗೆಯವರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ 2004ರ ಏಪ್ರಿಲಿನಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ನಾವು ಎಸ್.ಡಿ.ಎಂ.ಸಿ. ಅಂತ ಕರೆಯುವ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರಿರಬೇಕು, ದುರ್ಬಲ ವರ್ಗದವರಿಗೆ ಅವರ ಪಾಲಿಗೆ ತಕ್ಕ ಜಾಗ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಹಾಳೆಯ ಮೇಲೆ ನಮ್ಮ ಹೆಂಗಸರು ಮೆಂಬರುಗಳಾಗಿದ್ದಾರೆ. ಸಭೆಯ ಪುಸ್ತಕ ಅವರ ಮನೆಗೇ ಬರುತ್ತದೆ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತದೆ. ಸಭೆ ಕರೆಯುವ ಹೊತ್ತು ಕೂಲಿಯ ಹೊತ್ತೇ ಆಗಿರುತ್ತದೆ.

ಬಡಿಸುವವಳಿಗೆ ಏನು ಸಿಗುತ್ತದೆ? ಕೇಂದ್ರ ಸರ್ಕಾರ 2009ರಲ್ಲಿ ತಿಂಗಳಿಗೆ 1,000 ರೂಪಾಯಿ ಅಂತ ಗೊತ್ತುಮಾಡಿತು, ಅದೂ ವರ್ಷಕ್ಕೆ 10 ತಿಂಗಳು. ರಾಜ್ಯ ತನ್ನ ಪಾಲು ಸೇರಿಸಿ ಕೊಡುತ್ತದೆ. ಎಷ್ಟು ಸೇರಿದರೂ ಅದರ ಹೆಸರು ಸಂಬಳ ಅಲ್ಲ, ಗೌರವಧನ. ಕೊಡುವುದು ಕಡಿಮೆ ಆದಷ್ಟೂ ಹೆಸರು ದೊಡ್ಡದಾಗುತ್ತದೆ. ಮೊಟ್ಟೆಗೆ ಕೊಡುವ 6 ರೂಪಾಯಿಯಲ್ಲಿ ಕೊಳ್ಳುವ ಬೆಲೆ, ಬೇಯಿಸುವ ಸೌದೆ-ಗ್ಯಾಸು, ಸುಲಿಯುವ ಕೂಲಿ ಎಲ್ಲಾ ಸೇರಿದೆ. ಅಂಗಡಿಯಲ್ಲಿ ಬೆಲೆ ಏರಿದ ತಿಂಗಳು ಮೇಷ್ಟ್ರ ಜೇಬಿಗೆ ಕತ್ತರಿ, ಇಲ್ಲವೆ ಮಕ್ಕಳ ಮೊಟ್ಟೆಗೆ ಕತ್ತರಿ.

ಇದರ ನಡುವೆ ದೆಹಲಿಯಿಂದ 'ತಿಥಿ ಭೋಜನ' ಬಂದಿದೆ. ಉಳ್ಳವರು ಹುಟ್ಟುಹಬ್ಬಕ್ಕೋ ಮದುವೆಗೋ ಶಾಲೆಯ ಮಕ್ಕಳಿಗೆ ಸಿಹಿಯೂಟ ಹಾಕಿಸಬಹುದು. ನಮ್ಮ ಕಡೆ ತಿಥಿ ಅಂದ್ರೆ ಸತ್ತವರ ಹೆಸರಲ್ಲಿ ಹಾಕೋ ಊಟ! ಇಟ್ಟವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಗು ಹಾಗಿರಲಿ. ಹಕ್ಕಾಗಿ ಬಂದ ಊಟದ ಪಕ್ಕ ದಾನದ ಊಟ ತಂದಿಟ್ಟರೆ, ಹಾಕಿಸಿದವನ ಫೋಟೋಕ್ಕೆ ಮಕ್ಕಳು ಕೈಮುಗಿದು ನಿಲ್ಲಬೇಕಾಗುತ್ತದೆ. ಹೋಳಿಗೆ ಹಾಕಿಸಿದ ಗೌಡ ನಾಳೆ ಅಡಿಗೆಗೆ ಯಾರನ್ನು ಇಡಬೇಕು ಅಂತಲೂ ಹೇಳುತ್ತಾನೆ.

ಕೇರಿಯಿಂದ ಕೊಡುವುದಕ್ಕೆ ಏನೂ ಇಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ ಯಾವುದು, ಕೀರೆ ಯಾವುದು, ಗಣಿಕೆ ಯಾವುದು, ಹೊನಗೊನೆ ಎಲ್ಲಿ ಸಿಗುತ್ತದೆ ಅಂತ ನಮ್ಮ ಮುದುಕಿಯರಿಗೆ ಗೊತ್ತು. ಬೆರಕೆ ಸೊಪ್ಪಿನ ಸಾರಿಗೆ ಯಾವ ಸೊಪ್ಪು ಎಷ್ಟು ಅನ್ನುವ ಅಳತೆ ಅವರ ಬೆರಳಲ್ಲಿದೆ. ಹುರುಳಿ ನೆನೆಹಾಕಿ ಮೊಳಕೆ ಕಟ್ಟುವುದು, ನುಗ್ಗೆಸೊಪ್ಪನ್ನು ಕಹಿಯಾಗದಂತೆ ಹುರಿಯುವುದು, ಇದನ್ನೆಲ್ಲ ಹೇಳಿಕೊಡಲು ತರಬೇತಿ ಶಿಬಿರ ಬೇಡ. ಶಾಲೆಯ ಹಿಂದಿನ ಕೈತೋಟ ಒಣಗಿ ನಿಂತಿದೆ. ಪಕ್ಕದ ಹಟ್ಟಿಯಲ್ಲಿ ಅದನ್ನು ಬೆಳೆಸಬಲ್ಲ ಕೈಗಳಿವೆ. ಅವರನ್ನು ಕೂಲಿಗಳಾಗಿ ಕರೆಯದೆ ಸಮಿತಿಯ ಬೆಂಚಿನ ಮೇಲೆ ಕೂರಿಸಿ ಕೇಳುವ ಹೆಡ್ಮಾಸ್ತರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಈ ಪತ್ರಿಕೆ ಓದುವವರಲ್ಲೂ ಇರಬಹುದು.

ಮುಂದಿನ ಎಸ್.ಡಿ.ಎಂ.ಸಿ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಅಂತ ನೋಟೀಸು ಬಂದರೆ ಸಂಜೆ ಏಳಕ್ಕೆ ಇಡಿ ಅಂತ ಬರೆದುಕೊಡಿ. ಹೋದವರು ಮೊಟ್ಟೆಯ ರಿಜಿಸ್ಟರು ತರಿಸಿ ನೋಡಿ. ಯಾವ ಮಗುವಿನ ಮುಂದೆ ಬಾಳೆಹಣ್ಣು ಅಂತ ಬರೆದಿದೆ, ಅದನ್ನು ಕೇಳಿದ್ದು ಆ ಮಗುವೋ, ಮನೆಯವರೋ, ಬರೆದವರೋ ಅಂತ ಒಂದೊಂದೇ ಹೆಸರು ಕೂಗಿಸಿ ಕೇಳಿ. ಅಡಿಗೆಯವರನ್ನೂ ಒಳಗೆ ಕರೆದು ಕುರ್ಚಿ ಕೊಡಿ.