ತೀರ್ಪುಗಾರರ ಕಿವಿಯಿಂದ ಕಾಯರ್ ಕೇಳುವುದು

ಅಂತರರಾಷ್ಟ್ರೀಯ ಕಾಯರ್ ಸ್ಪರ್ಧೆಯ ಕಾರ್ಯಕ್ರಮ ಪುಸ್ತಿಕೆ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ತಂಡಗಳ ಪಟ್ಟಿಯನ್ನು. ನನ್ನ ಸಲಹೆ ಬೇರೆ. ಮೊದಲು ತೀರ್ಪುಗಾರರ ಪುಟ ತೆರೆಯಿರಿ. ಅಲ್ಲಿ ಐದಾರು ಫೋಟೊ, ಪ್ರತಿ ಫೋಟೊ ಕೆಳಗೆ ಒಂದು ಪ್ಯಾರಾ ಪರಿಚಯ ಇರುತ್ತದೆ. ಇಂಥಲ್ಲಿ ಓದಿದರು, ಇಂಥ ಕಾಯರ್ ಕಟ್ಟಿದರು, ಇಂಥ ಊರಲ್ಲಿ ಬಹುಮಾನ ಗೆದ್ದರು, ಇಂತಿಂಥ ದೇಶಗಳಲ್ಲಿ ತೀರ್ಪು ಕೊಟ್ಟರು ಎಂದೆಲ್ಲ ಬರೆದಿರುತ್ತಾರೆ. ಓದಲು ಸಪ್ಪೆ. ಆದರೆ ಅಂದಿನ ಸ್ಪರ್ಧೆಯಲ್ಲಿ ಎಂಥ ನಾದಕ್ಕೆ ಬೆಲೆ ಸಿಗಲಿದೆ ಎಂಬುದರ ಸುಳಿವು ಸಿಗುವುದು ಆ ಸಪ್ಪೆ ಪ್ಯಾರಾಗಳಲ್ಲೇ.

ಕಾಯರ್ ಸಂಗೀತಕ್ಕೆ ಹೊಸಬರಾದವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಸಮೂಹಗಾನದಲ್ಲಿ ಇಪ್ಪತ್ತು ಜನ ಸೇರಿ ಒಂದೇ ಧಾಟಿಯನ್ನು ಹಾಡುತ್ತಾರೆ. ಕಾಯರ್‌ನಲ್ಲಿ ಹಾಗಲ್ಲ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಎಂಬ ನಾಲ್ಕು ಗುಂಪುಗಳು ನಾಲ್ಕು ಬೇರೆ ಬೇರೆ ಸಾಲುಗಳನ್ನು ಒಟ್ಟಿಗೆ ಹಾಡುತ್ತವೆ. ಒಂದೊಂದು ಗುಂಪು ಮತ್ತೆರಡಾಗಿ ಒಡೆಯುವುದೂ ಉಂಟು. ರಾಗದ ಎಳೆ ಹಿಡಿದು ಕೇಳಿ ರೂಢಿಯಾದ ನಮ್ಮ ಕಿವಿ ಮೇಲಿನ ಸೊಪ್ರಾನೊ ಸಾಲಿಗೆ ಜೋತುಬಿದ್ದು, ಕೆಳಗಿನ ಮೂರನ್ನು ಹಿನ್ನೆಲೆ ಎಂದು ಬಿಟ್ಟುಬಿಡುತ್ತದೆ. ತೀರ್ಪುಗಾರರು ಕೇಳುವ ರೀತಿ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ಅವರ ಗಮನ ಒಳಸಾಲುಗಳಾದ ಆಲ್ಟೊ, ಟೆನರ್‌ಗಳ ಮೇಲೆ. ತಂಡ ನಿಜಕ್ಕೂ ಎಷ್ಟು ಪಳಗಿದೆ ಎಂಬುದು ಬಯಲಾಗುವುದು ಅಲ್ಲಿ.

ಈ ಸ್ಪರ್ಧೆಗಳ ಭೂಪಟ ದೊಡ್ಡದೇನಲ್ಲ. ವೇಲ್ಸ್‌ನ ಲಾಂಗೊಲೆನ್‌ನಲ್ಲಿ 1947ರಿಂದ ಅಂತರರಾಷ್ಟ್ರೀಯ ಐಸ್ಟೆಡ್‌ವಡ್ ಎಂಬ ಸಂಗೀತೋತ್ಸವ ನಡೆಯುತ್ತಿದೆ. ಯುದ್ಧ ಮುಗಿದ ಹೊಸದರಲ್ಲಿ, ಹಾಡಿನ ನೆಪದಲ್ಲಾದರೂ ದೇಶಗಳು ಒಂದೆಡೆ ಸೇರಲಿ ಎಂದು ಶುರುವಾದದ್ದು. 1955ರಲ್ಲಿ ಇಟಲಿಯ ಮೊಡೆನಾದಿಂದ ಬಂದ ಗಂಡಸರ ಕಾಯರ್ ಅಲ್ಲಿ ಮೊದಲ ಬಹುಮಾನ ಗೆದ್ದಿತು. ಅದರಲ್ಲಿ ಬೇಕರಿ ಕೆಲಸದ ತಂದೆಯ ಜೊತೆ ಹಾಡಿದ ಹತ್ತೊಂಬತ್ತರ ಹುಡುಗನೇ ಮುಂದೆ ಜಗತ್ಪ್ರಸಿದ್ಧ ಆಪೆರಾ ಗಾಯಕನಾದ ಲುಚಿಯಾನೊ ಪವರೊಟ್ಟಿ. ಇಟಲಿಯ ಅರೆಟ್ಸೊದಲ್ಲಿ 1952ರಿಂದ, ಹಂಗೇರಿಯ ಡೆಬ್ರೆತ್ಸೆನ್‌ನಲ್ಲಿ 1961ರಿಂದ, ಸ್ಪೇನಿನ ಬಾಸ್ಕ್ ನಾಡಿನ ಟೊಲೊಸಾದಲ್ಲಿ 1969ರಿಂದ, ಫ್ರಾನ್ಸಿನ ಟೂರ್‌ನಲ್ಲಿ 1972ರಿಂದ ಸ್ಪರ್ಧೆಗಳು ನಡೆಯುತ್ತಿವೆ. ಇವುಗಳ ಜೊತೆ ಬಲ್ಗೇರಿಯಾದ ವಾರ್ನಾ, ಸ್ಲೊವೇನಿಯಾದ ಮಾರಿಬೋರ್ ಕೂಡ ಸೇರಿವೆ. ಲಾಂಗೊಲೆನ್ ಬಿಟ್ಟು ಉಳಿದ ಈ ಆರು ಊರುಗಳ ಪರಮ ಬಹುಮಾನ ಗೆದ್ದ ತಂಡಗಳು ಮರುವರ್ಷ ಯುರೋಪಿಯನ್ ಗ್ರ್ಯಾಂಡ್ ಪ್ರಿಗಾಗಿ ಮತ್ತೊಮ್ಮೆ ಎದುರುಬದುರಾಗುತ್ತವೆ. ಹೆಸರು ಯುರೋಪಿನದಾದರೂ ಬಾಗಿಲು ಎಲ್ಲರಿಗೂ ತೆರೆದಿದೆ.

ಈಗ ಮೇಜಿನ ಹಿಂದೆ ಕೂರುವವರ ವಿಷಯ. ತೀರ್ಪುಗಾರಿಕೆ ಇಲ್ಲಿ ಯಾರಿಗೂ ಪೂರ್ತಿ ಹೊಟ್ಟೆಪಾಡಲ್ಲ. ಸಂಬಳ ಬರುವುದು ವಿಶ್ವವಿದ್ಯಾಲಯ, ಚರ್ಚು, ರೇಡಿಯೊ ಕಾಯರ್ ಅಥವಾ ಶಾಲೆಯಿಂದ. ಸ್ಪರ್ಧೆಯಿಂದ ಸಿಗುವುದು ಪ್ರಯಾಣ, ಊಟ, ವಸತಿ ಮತ್ತು ಒಂದಿಷ್ಟು ಗೌರವಧನ. ದಾರಿ ಮಾತ್ರ ಬಹುತೇಕ ಎಲ್ಲರದೂ ಒಂದೇ. ಮೊದಲು ಯಾರದೋ ಕಾಯರ್‌ನಲ್ಲಿ ಹಾಡುತ್ತಾರೆ, ಆಮೇಲೆ ಸ್ವಂತ ತಂಡ ಕಟ್ಟುತ್ತಾರೆ, ಅದನ್ನು ಕರೆದುಕೊಂಡು ಸ್ಪರ್ಧೆಗೆ ಹೋಗುತ್ತಾರೆ, ಸೋಲುತ್ತಾರೆ, ಗೆಲ್ಲುತ್ತಾರೆ. ಗೆದ್ದ ಕೆಲವು ವರ್ಷಗಳ ಮೇಲೆ ಅದೇ ಊರಿನಿಂದ ತೀರ್ಪುಗಾರರಾಗಿ ಬನ್ನಿ ಎಂಬ ಪತ್ರ ಬರುತ್ತದೆ. ವೇದಿಕೆಯ ಬೆವರು ಗೊತ್ತಿಲ್ಲದವರು ಆ ಮೇಜಿಗೆ ಬರುವುದು ಅಪರೂಪ.

ಬಾಸ್ಕ್ ನಾಡಿನ ಹಾವಿಯೆರ್ ಬುಸ್ಟೊ ಅವರನ್ನೇ ನೋಡಿ. 1949ರಲ್ಲಿ ಹೊಂಡರಿಬಿಯಾದಲ್ಲಿ ಹುಟ್ಟಿದವರು. ಓದಿದ್ದು ವೈದ್ಯಶಾಸ್ತ್ರ, ವಯ್ಯಾದೊಲಿದ್ ವಿಶ್ವವಿದ್ಯಾಲಯದಲ್ಲಿ. ಸಂಗೀತ ಬಹುಪಾಲು ಸ್ವಂತ ಕಲಿಕೆ. 1978ರಲ್ಲಿ ಎಸ್ಕಿಫಾಯಿಯಾ ಎಂಬ ಕಾಯರ್ ಕಟ್ಟಿ, ಮುಂದೆ ಹೆಂಗಸರದೇ ಇನ್ನೊಂದು ಕಾಯರ್ ಕಟ್ಟಿ, ಟೊಲೊಸಾ, ಟೂರ್ ಮೊದಲಾದೆಡೆ ಬಹುಮಾನ ತಂದರು. ಅವರ ಕೃತಿಗಳನ್ನು ಇವತ್ತು ಜಪಾನಿನಿಂದ ಅಮೆರಿಕದವರೆಗೆ ಹಾಡುತ್ತಾರೆ. ಆ ಕೃತಿಗಳನ್ನೇ ಆರಿಸಿಕೊಂಡು ಬಂದ ತಂಡಗಳ ಎದುರು ತೀರ್ಪುಗಾರರಾಗಿ ಕೂರುವ ಸಂದಿಗ್ಧ ಇಂಥವರಿಗೆ ತಪ್ಪಿದ್ದಲ್ಲ. ತಾನು ಬರೆದ ಸ್ವರವನ್ನು ಬೇರೆಯವರು ತನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ ಎಂದು ಒಪ್ಪಿ ಅಂಕ ಕೊಡುವುದಕ್ಕೆ ದೊಡ್ಡ ಮನಸ್ಸು ಬೇಕು.

ಫಿಲಿಪ್ಪೀನ್ಸ್‌ನ ಆಂಡ್ರಿಯಾ ವೆನರಾಸಿಯೊನ್ ಅವರದು ಇನ್ನೂ ಸ್ವಾರಸ್ಯದ ಕಥೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ಅವರು 1963ರಲ್ಲಿ ಮನಿಲಾ ಬಳಿಯ ಕೆಸೊನ್ ಸಿಟಿಯಲ್ಲಿ ಮ್ಯಾಡ್ರಿಗಲ್ ಸಿಂಗರ್ಸ್ ಕಟ್ಟಿದರು. ಈ ತಂಡ ವೇದಿಕೆಯಲ್ಲಿ ನಿಲ್ಲುವುದಿಲ್ಲ, ಅರ್ಧವೃತ್ತದಲ್ಲಿ ಕುರ್ಚಿಗಳ ಮೇಲೆ ಕೂತು ಹಾಡುತ್ತದೆ. ಎದುರು ನಿಂತು ಕೈ ಬೀಸುವ ಕಂಡಕ್ಟರ್ ಇಲ್ಲ. ಕಂಡಕ್ಟರ್ ಸಾಲಿನ ತುದಿಯಲ್ಲಿ ಗಾಯಕರ ಜೊತೆಗೇ ಕೂತು, ತಲೆಯ ಒಂದು ಸಣ್ಣ ಅಲುಗಾಟದಲ್ಲಿ ಎತ್ತುಗಡೆ ಕೊಡುತ್ತಾರೆ. ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳಿಸಿಕೊಂಡೇ ಹಾಡಬೇಕು, ಬೇರೆ ಆಸರೆಯಿಲ್ಲ. 1997ರಲ್ಲಿ ವೆನರಾಸಿಯೊನ್ ನೇತೃತ್ವದಲ್ಲಿ ತಂಡ ಯುರೋಪಿಯನ್ ಗ್ರ್ಯಾಂಡ್ ಪ್ರಿ ಗೆದ್ದಿತು. 2007ರಲ್ಲಿ ಶಿಷ್ಯ ಮಾರ್ಕ್ ಆಂಟನಿ ಕಾರ್ಪಿಯೊ ನೇತೃತ್ವದಲ್ಲಿ ಅದೇ ತಂಡ ಮತ್ತೆ ಗೆದ್ದಿತು. ಎರಡು ಸಲ ಗೆದ್ದ ಮೊದಲ ಕಾಯರ್ ಅದೇ. ವೆನರಾಸಿಯೊನ್ ಹಲವು ದೇಶಗಳಲ್ಲಿ ತೀರ್ಪುಗಾರರಾದರು. ಆ ತಂಡದಲ್ಲಿ ಹಾಡಿ, ಬರ್ಲಿನ್‌ನಲ್ಲಿ ಓದಿದ ಜೊನಾಥನ್ ವೆಲಾಸ್ಕೊ ಕೂಡ ಈಗ ಸ್ಪರ್ಧೆಗಳ ಮೇಜುಗಳಲ್ಲಿ ಪರಿಚಿತ ಮುಖ. ಒಂದು ಕಾಲಕ್ಕೆ ಏಷ್ಯಾದವರು ಸ್ಪರ್ಧಿಸಲಷ್ಟೇ ಬರುತ್ತಿದ್ದರು, ಅಂಕ ಹಾಕುವವರು ಯುರೋಪಿನವರು. ಈಗ ಹಾಗಿಲ್ಲ. 2022ರ ಗ್ರ್ಯಾಂಡ್ ಪ್ರಿ ಹೋದದ್ದು ಇಂಡೊನೇಷ್ಯಾದ ಆವಿಪ್ ಪ್ರಿಯಾತ್ನ ಅವರ ಬಟಾವಿಯಾ ಮ್ಯಾಡ್ರಿಗಲ್ ಸಿಂಗರ್ಸ್‌ಗೆ.

ಕಾಯರ್ ಲೋಕದಲ್ಲಿ ಸ್ವೀಡನ್ನಿನದು ದೊಡ್ಡ ಮನೆತನ. ಅದರ ಮೂಲಪುರುಷ ಎರಿಕ್ ಎರಿಕ್ಸನ್ (1918–2013). 1945ರಲ್ಲಿ ತಮ್ಮದೇ ಚೇಂಬರ್ ಕಾಯರ್ ಕಟ್ಟಿದರು. 1951ರಿಂದ ಸ್ವೀಡಿಷ್ ರೇಡಿಯೊ ಕಾಯರ್ ಮತ್ತು ಉಪ್ಸಾಲಾದ ಓರ್ಫೇಯಿ ಡ್ರೆಂಗರ್ ಎಂಬ ಗಂಡಸರ ಕಾಯರ್ ಎರಡನ್ನೂ ದಶಕಗಟ್ಟಲೆ ನಡೆಸಿದರು, ಸ್ಟಾಕ್‌ಹೋಮ್‌ನಲ್ಲಿ ತಲೆಮಾರುಗಳಿಗೆ ಪಾಠ ಹೇಳಿದರು. ಕಂಪನ ಕಡಿಮೆ ಇರುವ, ನೇರವಾದ, ಗಾಜಿನಂತೆ ತಿಳಿಯಾದ ನಾದ ಅವರ ಗುರುತು. ಓರ್ಫೇಯಿ ಡ್ರೆಂಗರ್ ಅನ್ನು ಅವರಿಂದ ವಹಿಸಿಕೊಂಡ ರಾಬರ್ಟ್ ಸುಂಡ್, ಅಮೆರಿಕದಿಂದ ಅವರ ಬಳಿ ಕಲಿಯಲು ಬಂದು ಸ್ಟಾಕ್‌ಹೋಮ್‌ನಲ್ಲೇ ನೆಲೆ ನಿಂತ ಗ್ಯಾರಿ ಗ್ರೇಡನ್ ಇಬ್ಬರೂ ಮುಂದೆ ಲೆಕ್ಕವಿಲ್ಲದಷ್ಟು ಸ್ಪರ್ಧೆಗಳಲ್ಲಿ ತೀರ್ಪು ಕೊಟ್ಟವರು. ಗುರುವಿನ ಕಿವಿ ಶಿಷ್ಯರ ಮೂಲಕ ಲೋಕ ಸುತ್ತುವುದು ಹೀಗೆ. ಮೇಜಿನಲ್ಲಿ ಈ ಮನೆತನದವರು ಇಬ್ಬರು ಕೂತಿದ್ದರೆ, ಆಪೆರಾ ಶೈಲಿಯಲ್ಲಿ ದನಿ ನಡುಗಿಸಿ ಹಾಡುವ ತಂಡದ ಹಾದಿ ಅಂದು ಸ್ವಲ್ಪ ಕಡಿದು ಎಂದು ನಾನಂತೂ ಅಂದುಕೊಳ್ಳುತ್ತೇನೆ. ಹಂಗೇರಿಯವರಿದ್ದರೆ ಅವರು ಸಂಯೋಜಕ ಕೊಡಾಯ್ ಹಾಕಿಕೊಟ್ಟ ಸಂಗೀತ ಶಿಕ್ಷಣದ ಪರಂಪರೆಯಲ್ಲಿ ಮಗುವಾಗಿದ್ದಾಗಿನಿಂದ ಸ್ವರ ಓದಿ ಹಾಡಿದವರು, ಶ್ರುತಿಯ ವಿಷಯದಲ್ಲಿ ಮುಲಾಜಿಲ್ಲ. ಅದಕ್ಕೇ ಒಳ್ಳೆಯ ಸ್ಪರ್ಧೆಗಳು ಒಂದೇ ಸೀಮೆಯವರನ್ನು ಒಂದೇ ಮೇಜಿಗೆ ಕೂರಿಸುವುದಿಲ್ಲ.

ಮೇಜಿನ ಮೇಲೆ ಏನಿರುತ್ತದೆ? ಹಾಡಲಿರುವ ಪ್ರತಿ ಕೃತಿಯ ಸ್ವರಲಿಪಿ, ಒಂದು ಪೆನ್ಸಿಲ್, ಅಂಕದ ಹಾಳೆ, ಹಲವರ ಬಳಿ ಶ್ರುತಿ ಹಿಡಿಯುವ ಒಂದು ಟ್ಯೂನಿಂಗ್ ಫೋರ್ಕ್. ಹಾಡು ಓಡುತ್ತಿದ್ದಂತೆ ಪೆನ್ಸಿಲ್ ಸ್ವರಲಿಪಿಯ ಮೇಲೆ ಓಡುತ್ತದೆ. ಬರೆದದ್ದಕ್ಕಿಂತ ಜೋರಾಗಿ ಹಾಡಿದ ಕಡೆ ಒಂದು ಸುತ್ತು, ಟೆನರ್ ಸಾಲು ಕೆಳಗಿಳಿದ ಕಡೆ ಒಂದು ಬಾಣ. ವರ್ಲ್ಡ್ ಕಾಯರ್ ಗೇಮ್ಸ್ ನಡೆಸುವ ಜರ್ಮನಿಯ ಇಂಟರ್‌ಕುಲ್ಟೂರ್ ಸಂಸ್ಥೆ ನಾಲ್ಕು ವಿಷಯಕ್ಕೆ ಅಂಕ ಕೊಡಿಸುತ್ತದೆ: ಶ್ರುತಿಶುದ್ಧಿ, ನಾದದ ಗುಣ, ಸ್ವರಲಿಪಿಗೆ ನಿಷ್ಠೆ, ಒಟ್ಟು ಕಲಾತ್ಮಕ ಪರಿಣಾಮ. ಮೊದಲ ಮೂರರಲ್ಲಿ ತೀರ್ಪುಗಾರರ ನಡುವೆ ಅಂತರ ಕಡಿಮೆ. ಜಗಳವೆಲ್ಲ ನಾಲ್ಕನೆಯದರಲ್ಲೇ.

ಶ್ರುತಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ನಮ್ಮ ಕಿವಿಗೆ ದೊಡ್ಡ ಅನುಕೂಲವಿದೆ. ವಾದ್ಯವಿಲ್ಲದ ಕಾಯರ್ ಗಾಯನವೆಂದರೆ ತಂಬೂರಿ ಇಲ್ಲದ ಕಛೇರಿ. ಕಂಡಕ್ಟರ್ ಟ್ಯೂನಿಂಗ್ ಫೋರ್ಕನ್ನು ಕಿವಿಯ ಹತ್ತಿರ ಹಿಡಿದು, ನಾಲ್ಕು ಸಾಲುಗಳಿಗೂ ಅವರವರ ಸ್ವರವನ್ನು ಮೆಲ್ಲಗೆ ಗುನುಗಿ ಕೊಡುತ್ತಾರೆ. ಅಲ್ಲಿಂದ ಮುಂದೆ ಮಧ್ಯದಲ್ಲಿ ನೆನಪಿಸುವ ಆಧಾರ ಶ್ರುತಿ ಇಲ್ಲ. ಒಳ್ಳೆಯ ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗಿ ಕೇಳುವ ಗಾಂಧಾರವನ್ನು ನೆನಪಿಸಿಕೊಳ್ಳಿ, ಸ್ವಯಂಭೂ ಗಾಂಧಾರ ಎನ್ನುತ್ತೇವಲ್ಲ, ಅದು. ಪಿಯಾನೊದ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಕೆಳಗೆ ಅದರ ಜಾಗ. ಷಡ್ಜ, ಗಾಂಧಾರ, ಪಂಚಮ ಒಟ್ಟಿಗೆ ನುಡಿಯುವ ಮೇಜರ್ ಕಾರ್ಡ್‌ನಲ್ಲಿ ತೀರ್ಪುಗಾರರು ಹುಡುಕುವುದು ಅದೇ ಗಾಂಧಾರವನ್ನು. ಪಿಯಾನೊ ಜೊತೆಯಲ್ಲೇ ಅಭ್ಯಾಸ ಮಾಡಿದ ತಂಡ ಅದನ್ನು ಏರಿಸಿ ಹಾಡುತ್ತದೆ, ಕಾರ್ಡ್ ಬಿರುಸಾಗುತ್ತದೆ. ಸರಿಯಾಗಿ ಕೂತಾಗ ಯಾರೂ ಹಾಡದ ಮೇಲಿನ ಸ್ವರವೊಂದು ಸಭಾಂಗಣದಲ್ಲಿ ಝೇಂಕರಿಸುತ್ತದೆ. ತಂಬೂರಿ ಮೀಟಿ ಬೆಳೆದವರಿಗೆ ಅದನ್ನು ಗುರುತಿಸಲು ಪಾಠ ಬೇಡ.

ಅಭ್ಯಾಸಕ್ಕೆ ಒಂದು ಕೃತಿ ಸೂಚಿಸುತ್ತೇನೆ. ಸಂಯೋಜಕ ಬ್ರುಕ್ನರ್‌ನ ಲೋಕುಸ್ ಇಸ್ಟೆ. 1869ರಲ್ಲಿ ಆಸ್ಟ್ರಿಯಾದ ಲಿಂಟ್ಸ್ ಊರಿನ ಹೊಸ ಕೆಥೆಡ್ರಲ್‌ನ ಪ್ರಾರ್ಥನಾ ಮಂದಿರಕ್ಕಾಗಿ ಬರೆದದ್ದು, ಮೂರು ನಿಮಿಷದ ಆಸುಪಾಸು. ಇಂಟರ್‌ನೆಟ್ಟಿನಲ್ಲಿ ಹತ್ತಾರು ತಂಡಗಳದು ಸಿಗುತ್ತದೆ. ನೋಡಲು ಸುಲಭ, ಶಾಲಾ ಮಕ್ಕಳೂ ಹಾಡುತ್ತಾರೆ. ಆದರೆ ಮಧ್ಯದಲ್ಲಿ ಬೇಸ್ ಗಾಯಕರು ಸುಮ್ಮನಾಗುತ್ತಾರೆ, ಮೇಲಿನ ಮೂರು ಸಾಲುಗಳು ಅರ್ಧ ಅರ್ಧ ಸ್ವರ ಜಾರುತ್ತಾ ಮೆಲ್ಲನೆ ಸಾಗುತ್ತವೆ. ಕಾಲಡಿಯ ನೆಲವೇ ಇಲ್ಲದಂಥ ಆ ಕೆಲವು ಕ್ಷಣಗಳಲ್ಲಿ ಶ್ರುತಿ ಇಳಿಯುವುದು ಗೊತ್ತೇ ಆಗುವುದಿಲ್ಲ. ನಂತರ ಆರಂಭದ ಸಾಲು ಬೇಸ್ ಸಮೇತ ಮರಳುತ್ತದೆ. ಅಲ್ಲಿ ನಿಲ್ಲಿಸಿ, ಮೊದಲ ಕಾರ್ಡನ್ನು ಮತ್ತೆ ಕೇಳಿ ಹೋಲಿಸಿ. ಕೊನೆಗೆ ಮುಗಿಯುವ ಮುಂಚೆ ಒಂದು ಬರೆದಿಟ್ಟ ಮೌನವಿದೆ. ಅಂಜುಬುರುಕ ಕಂಡಕ್ಟರ್ ಅದನ್ನು ಮೊಟಕು ಮಾಡುತ್ತಾನೆ, ಗಟ್ಟಿಗ ಅಷ್ಟೂ ಹೊತ್ತು ಕಾಯುತ್ತಾನೆ. ತಂಡ ಒಟ್ಟಾಗಿ, ಒಳಗಿನ ಹೊಂದಾಣಿಕೆ ಕೆಡದಂತೆ ಕೂದಲಷ್ಟು ಇಳಿದಿದ್ದರೆ ಅನುಭವಿಗಳು ಕ್ಷಮಿಸುತ್ತಾರೆ. ಸಾಲುಸಾಲುಗಳ ನಡುವೆಯೇ ಬಿರುಕು ಬಿಟ್ಟರೆ ಕ್ಷಮೆಯಿಲ್ಲ.

ಮಿಕ್ಕವು ಬೇಗ ಹಿಡಿತಕ್ಕೆ ಬರುತ್ತವೆ. ‘ಆ’ಕಾರವನ್ನು ಮೂವತ್ತು ಜನ ಒಂದೇ ಬಾಯಿಯಲ್ಲಿ ಹಾಡಿದರೆ ದನಿ ಒಂದಾಗುತ್ತದೆ, ಇಲ್ಲದಿದ್ದರೆ ಶ್ರುತಿ ಸರಿಯಿದ್ದರೂ ಕಲಸಿದಂತೆ ಕೇಳುತ್ತದೆ. ಪದದ ತುದಿಯ ‘ಸ್’, ‘ತ್’ಗಳು ಚದುರಿ ಬಂದರೆ ಅಭ್ಯಾಸ ಸಾಲದು ಎಂದೇ ಲೆಕ್ಕ. ಇನ್ನು ಕೃತಿಗಳ ಆಯ್ಕೆ. ಹದಿನಾರನೇ ಶತಮಾನದ್ದೊಂದು, ರೊಮ್ಯಾಂಟಿಕ್ ಕಾಲದ್ದೊಂದು, ನಮ್ಮ ಕಾಲದ್ದೊಂದು ಹಾಡುವಾಗ ಮೂರಕ್ಕೂ ಬೇರೆ ಬೇರೆ ದನಿ ಬರಬೇಕು. ಎಲ್ಲವನ್ನೂ ಒಂದೇ ಸಿಹಿಯಲ್ಲಿ ಅದ್ದಿ ಹಾಡುವ ತಂಡಕ್ಕೆ ಚಪ್ಪಾಳೆ ಜೋರಾಗಿಯೇ ಬೀಳುತ್ತದೆ. ಅಂಕ ಬೀಳುವುದಿಲ್ಲ.

ಚಿನ್ನದ ಪದಕದ ಬಗ್ಗೆ ಒಂದು ಎಚ್ಚರಿಕೆ. ಕಾಯರ್ ಒಲಿಂಪಿಕ್ಸ್ ಎಂಬ ಹೆಸರಲ್ಲಿ 2000ದಲ್ಲಿ, ಅದೇ ಲಿಂಟ್ಸ್‌ನಲ್ಲಿ ಆರಂಭವಾದ ವರ್ಲ್ಡ್ ಕಾಯರ್ ಗೇಮ್ಸ್‌ನಲ್ಲಿ ಪದಕ ಕೊಡುವುದು ಅಂಕದ ಮಟ್ಟ ನೋಡಿ. ಆ ಮಟ್ಟ ದಾಟಿದವರಿಗೆಲ್ಲ ಚಿನ್ನ, ಒಂದೇ ವಿಭಾಗದಲ್ಲಿ ಹಲವರಿಗೆ. ಎಲ್ಲರಿಗಿಂತ ಮೇಲೆ ನಿಂತವರು ಆ ವಿಭಾಗದ ಚಾಂಪಿಯನ್. ‘ಚಿನ್ನ ಗೆದ್ದರು’ ಎಂಬ ಪತ್ರಿಕಾ ಸುದ್ದಿ ಓದುವಾಗ ಇದು ನೆನಪಿರಲಿ. ತಂಡಗಳು ಸ್ವಂತ ಖರ್ಚಿನಲ್ಲಿ, ಶುಲ್ಕ ಕಟ್ಟಿ ಹೋಗುವ ಜಾತ್ರೆ ಇದು. ವ್ಯಾಪಾರದ ವಾಸನೆ ಇಲ್ಲ ಎನ್ನಲಾರೆ. ಹಾಗೆಂದು ಸಾಧನೆ ಸಣ್ಣದಾಗುವುದಿಲ್ಲ. 2010ರಲ್ಲಿ ಚೀನಾದ ಶಾವೊಶಿಂಗ್‌ನಲ್ಲಿ ನೀಲ್ ನಾಂಗ್‌ಕಿನ್ರಿಹ್ ಅವರ ಶಿಲ್ಲಾಂಗ್ ಚೇಂಬರ್ ಕಾಯರ್ ಮೂರು ವಿಭಾಗಗಳಲ್ಲಿ ಚಿನ್ನ ತಂದಾಗ, ಭಾರತದಲ್ಲಿ ಕಾಯರ್ ಎಂದರೆ ಕ್ರಿಸ್‌ಮಸ್ ಮಾತ್ರ ಎಂದುಕೊಂಡಿದ್ದ ಬಹಳ ಜನ ಕಿವಿ ನಿಮಿರಿಸಿದರು. ಆ ಗೇಮ್ಸ್‌ನ ಇನ್ನೊಂದು ಕಲಾಪ ನನಗೆ ಪದಕಕ್ಕಿಂತ ಮೆಚ್ಚುಗೆ. ಸ್ಪರ್ಧೆಗಿಳಿಯಲು ಅಳುಕುವ ತಂಡ ಬಂದು ಹಾಡುತ್ತದೆ, ತೀರ್ಪುಗಾರರು ಅಂಕ ಹಾಕದೆ ಎದ್ದು ಹೋಗಿ, ಅವರ ಜೊತೆ ನಿಂತು ಪಾಠ ಹೇಳುತ್ತಾರೆ. ದೊಡ್ಡ ಕಂಡಕ್ಟರ್‌ಗಳ ಗುಣ ತಿಳಿಯಬೇಕೆಂದರೆ ಅಂಥ ಅರ್ಧ ಗಂಟೆ ನೋಡಬೇಕು.

ಸ್ಪರ್ಧೆಯ ಫಲಿತಾಂಶ ನಿಮ್ಮ ಅಭಿಪ್ರಾಯಕ್ಕೆ ಹೊಂದದಿದ್ದರೆ ಗಾಬರಿಯಾಗಬೇಡಿ. ಮೇಜಿನಲ್ಲಿರುವವರಿಗೂ ಪರಸ್ಪರ ಹೊಂದಿರುವುದಿಲ್ಲ, ಸರಾಸರಿ ತೆಗೆಯುವುದು ಅದಕ್ಕಾಗಿಯೇ.

ಪ್ರತ್ಯಕ್ಷ ಕೇಳಲು ಟೊಲೊಸಾಕ್ಕೇ ಹೋಗಬೇಕೆಂದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನ ಪರಂಪರೆಯ ಚರ್ಚುಗಳಲ್ಲಿ ಜರ್ಮನ್ ಧಾಟಿಯ ಕನ್ನಡ ಕೀರ್ತನೆಗಳನ್ನು ನಾಲ್ಕು ಸಾಲುಗಳಲ್ಲಿ ಹಾಡುವವರು ಇದ್ದಾರೆ. ಡಿಸೆಂಬರ್ ಬಂತೆಂದರೆ ಮಂಗಳೂರು, ಬೆಂಗಳೂರುಗಳಲ್ಲಿ ಕ್ಯಾರಲ್ ಸ್ಪರ್ಧೆಗಳು ನಡೆಯುತ್ತವೆ. ಈ ಸಲ ಒಂದಕ್ಕೆ ಹೋಗಿ. ತೀರ್ಪುಗಾರರ ಹಿಂದಿನ ಸಾಲಿನಲ್ಲಿ ಜಾಗ ಹಿಡಿದು, ಒಂದು ಹಾಳೆಯಲ್ಲಿ ನಿಮ್ಮದೇ ಅಂಕ ಹಾಕಿ, ಮೊದಲ ತಂಡದಿಂದಲೇ ಆಲ್ಟೊ ಸಾಲನ್ನು ಹಿಂಬಾಲಿಸಿ.