ಉಚ್ಚಾರ ಮತ್ತು ಮೌನ: ಕ್ರೈಸ್ತ ಆರಾಧನೆಯಲ್ಲಿ ಹೀಬ್ರೂ ದೇವನಾಮ

ನಾಮಸ್ಮರಣೆಯನ್ನೇ ಭಕ್ತಿಯ ಮುಖ್ಯ ಸಾಧನವೆಂದು ತಿಳಿದ ಪರಂಪರೆಗೆ ಹೀಬ್ರೂ ಸಂಪ್ರದಾಯ ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಅಲ್ಲಿ ದೇವರ ಸ್ವಂತ ಹೆಸರು ನಾಲ್ಕು ವ್ಯಂಜನಗಳ ಚತುರಕ್ಷರಿ. ಹೀಬ್ರೂ ಧರ್ಮಗ್ರಂಥದಲ್ಲಿ ಅದು ೬,೮೦೦ಕ್ಕೂ ಹೆಚ್ಚು ಬಾರಿ ಬರುತ್ತದೆ. ಆದರೆ ಓದುವವನು ಅದನ್ನು ಉಚ್ಚರಿಸದೆ 'ಅದೋನಾಯ್', ಅಂದರೆ 'ಒಡೆಯ', ಎಂದು ಓದುತ್ತಾನೆ. ಹಿರಿಯರನ್ನು ಹೆಸರು ಹಿಡಿದು ಕರೆಯದ ಕನ್ನಡ ಮನೆಗಳ ಮರ್ಯಾದೆಯನ್ನು ನೆನೆದರೆ ಈ ಮೌನದ ಅರ್ಥ ಅಷ್ಟೇನೂ ದೂರದ್ದಲ್ಲ. ಯೆಹೂದ್ಯರು ಉಚ್ಚರಿಸದ ಈ ಹೆಸರನ್ನು ಕ್ರೈಸ್ತರು ಆರಾಧನೆಯಲ್ಲಿ ಉಚ್ಚರಿಸುವುದು ಉಚಿತವೇ ಎಂಬುದು ವಿವೇಚನೆಗೆ ಅರ್ಹವಾದ ಪ್ರಶ್ನೆ.

ಈ ಮೌನಕ್ಕೆ ದೀರ್ಘ ಇತಿಹಾಸವಿದೆ. ಕುಮ್ರಾನ್‌ನಲ್ಲಿ ದೊರೆತ ಹಬಕ್ಕೂಕನ ವ್ಯಾಖ್ಯಾನದಲ್ಲಿ ಈ ಹೆಸರನ್ನು ಮಾತ್ರ ಪ್ರಾಚೀನ ಹೀಬ್ರೂ ಲಿಪಿಯಲ್ಲಿ ಪ್ರತ್ಯೇಕವಾಗಿ ಬರೆಯಲಾಗಿದೆ. ಫುವಾದ್ ೨೬೬ ಎಂಬ ಪಪೈರಸ್ಸಿನಲ್ಲಿ ಗ್ರೀಕ್ ಪಠ್ಯದ ನಡುವೆ ಹೀಬ್ರೂ ಅಕ್ಷರಗಳೇ ಉಳಿದಿವೆ. ಆದರೆ ಕ್ರೈಸ್ತರು ಪ್ರತಿಮಾಡಿದ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಸ್ಥಾನಕ್ಕೆ 'ಕುರಿಯೋಸ್' ಬಂದಿತು. ಲ್ಯಾಟಿನ್ನಿನಲ್ಲಿ ಜೆರೋಮನು 'ದೊಮಿನುಸ್' ಎಂದನು. ಎರಡರ ಅರ್ಥವೂ ಒಡೆಯ ಎಂದೇ.

'ಯೆಹೋವ' ಎಂಬ ರೂಪ ತಡವಾಗಿ ಹುಟ್ಟಿದ್ದು. ಸ್ವರಚಿಹ್ನೆಗಳನ್ನು ಅಳವಡಿಸಿದ ಮಸೋರಾ ಪಂಡಿತರು, 'ಅದೋನಾಯ್' ಎಂದು ಓದಬೇಕೆಂಬುದರ ಸೂಚನೆಯಾಗಿ ಆ ಪದದ ಸ್ವರಗಳನ್ನು ಈ ವ್ಯಂಜನಗಳಿಗೆ ಸೇರಿಸಿದರು. ಸೂಚನೆಯನ್ನು ಅರಿಯದೆ ಎರಡನ್ನೂ ಕೂಡಿಸಿ ಓದಿದ್ದರಿಂದ ಹೊಸ ಹೆಸರೊಂದು ಸಿದ್ಧವಾಯಿತು. ಆಧುನಿಕ ವಿದ್ವಾಂಸರ 'ಯಾಹ್ವೆ' ಕೂಡ ಪುನಾರಚಿತ ರೂಪವೇ. ಅನುವಾದಕರ ನಿಲುವು ಈ ನಡುವೆ ಹಲವು ಬಾರಿ ಬದಲಾಗಿದೆ. ೧೯೦೧ರ ಅಮೆರಿಕನ್ ಪರಿಷ್ಕೃತ ಆವೃತ್ತಿ 'ಯೆಹೋವ'ನನ್ನು ಎಲ್ಲೆಡೆ ಸ್ಥಾಪಿಸಿತು; ಅದನ್ನು ಪರಿಷ್ಕರಿಸಿದ ೧೯೫೨ರ ಆವೃತ್ತಿ ಮತ್ತೆ ಒಡೆಯನೆಂಬ ಪದಕ್ಕೆ ಮರಳಿತು. ೧೯೬೬ರ ಇಂಗ್ಲಿಷ್ ಜೆರೂಸಲೇಮ್ ಬೈಬಲ್ 'ಯಾಹ್ವೆ'ಯನ್ನು ಆರಿಸಿಕೊಂಡಿತು. ೨೦೧೯ರ ಅದರ ಪರಿಷ್ಕರಣೆ ಕೈಬಿಟ್ಟಿತು. ಇವೆರಡರ ನಡುವೆ, ೨೦೦೮ರ ಜೂನ್ ೨೯ರ ಪತ್ರದಲ್ಲಿ ವ್ಯಾಟಿಕನ್ನಿನ ಆರಾಧನಾ ಇಲಾಖೆಯು ಪೂಜೆ, ಕೀರ್ತನೆ ಮತ್ತು ಪ್ರಾರ್ಥನೆಗಳಲ್ಲಿ ಚತುರಕ್ಷರಿಯನ್ನು ಉಚ್ಚರಿಸಬಾರದೆಂದು ಬಿಷಪರ ಮಂಡಳಿಗಳಿಗೆ ಸೂಚಿಸಿತು.

ಹೆಸರನ್ನು ಮರಳಿ ತರಬೇಕೆನ್ನುವವರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಒಡೆತನ ಒಂದು ಪದವಿ. ಅದು ಯಾರಿಗೂ ಸಲ್ಲಬಹುದು. ಹೆಸರು ಒಬ್ಬನದೇ. ವಿಮೋಚನಕಾಂಡದ ೩ನೆಯ ಅಧ್ಯಾಯದಲ್ಲಿ ದೇವರು ಮೋಶೆಗೆ ತಾನೇ ಹೇಳಿಕೊಂಡ ಹೆಸರನ್ನು ಮರೆಮಾಡಿದರೆ ಸಂಬಂಧದ ಆಪ್ತತೆ ಕಳೆದುಹೋಗುತ್ತದೆಂಬುದು ಅವರ ಆಕ್ಷೇಪ.

ಆದರೆ ಈ ವಾದ ಹೊಸ ಒಡಂಬಡಿಕೆಯ ಒಳರಚನೆಯನ್ನು ಗಮನಿಸುವುದಿಲ್ಲ. ಯೋವೇಲನ ೨ನೆಯ ಅಧ್ಯಾಯದಲ್ಲಿ ರಕ್ಷಣೆಗಾಗಿ ಮೊರೆಯಿಡಬೇಕಾದ ಹೆಸರು ಚತುರಕ್ಷರಿ. ಅದೇ ವಾಕ್ಯವನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದ ೧೦ನೆಯ ಅಧ್ಯಾಯದಲ್ಲಿ 'ಕುರಿಯೋಸ್' ಎಂಬ ಪದದೊಂದಿಗೆ ಉದ್ಧರಿಸಿ ಯೇಸುವಿಗೆ ಅನ್ವಯಿಸುತ್ತಾನೆ. ಯೆಶಾಯನ ೪೫ನೆಯ ಅಧ್ಯಾಯಕ್ಕೂ ಫಿಲಿಪ್ಪಿಯವರಿಗೆ ಬರೆದ ಪತ್ರದ ೨ನೆಯ ಅಧ್ಯಾಯಕ್ಕೂ ಇರುವ ಸಂಬಂಧ ಇಂಥದೇ. ಕ್ರೈಸ್ತ ವಿಶ್ವಾಸದ ಮೂಲ ಘೋಷಣೆ ನಿಂತಿರುವುದು ಈ ಬದಲಿ ಪದದ ಮೇಲೆ. ಅಂದಮೇಲೆ ಅದು ಹೆಸರಿನ ಲೋಪವಲ್ಲ, ಎರಡು ಒಡಂಬಡಿಕೆಗಳನ್ನು ಕೂಡಿಸುವ ಕೊಂಡಿ.

ಕನ್ನಡದಲ್ಲಿ ಈ ಕೊಂಡಿ ಸಡಿಲವಾಗಿದೆ. ಪ್ರಾಟೆಸ್ಟಂಟ್ ಸಭೆಗಳ 'ಸತ್ಯವೇದ'ದಲ್ಲಿ ಯೋವೇಲನು ಹೇಳುವುದು 'ಯೆಹೋವ'ನನ್ನು, ಪೌಲನು ಹೇಳುವುದು 'ಕರ್ತ'ನನ್ನು. ಒಂದೇ ಆರಾಧನೆಯಲ್ಲಿ ಎರಡೂ ಪಾಠಗಳನ್ನು ಕೇಳುವ ಭಕ್ತನಿಗೆ ಎರಡನೆಯದು ಮೊದಲನೆಯದರ ಉದ್ಧರಣೆಯೆಂದು ಹೊಳೆಯುವುದು ಕಷ್ಟ. ಕ್ಯಾಥೊಲಿಕರ ಬಳಕೆಯ ಅನುವಾದ ಹಳೆಯ ಒಡಂಬಡಿಕೆಯಲ್ಲಿ 'ಸರ್ವೇಶ್ವರ' ಎನ್ನುತ್ತದೆ. ಹೊಸ ಒಡಂಬಡಿಕೆಯಲ್ಲಿ 'ಪ್ರಭು' ಎನ್ನುತ್ತದೆ. ಚತುರಕ್ಷರಿಯನ್ನು ದೂರವಿಟ್ಟರೂ ಅಂತರ ಉಳಿದೇ ಇದೆ.

ಹೀಬ್ರೂ ಧ್ವನಿಯನ್ನು ಆರಾಧನೆಯಿಂದ ಹೊರಗಿಡಬೇಕೆಂದು ಇದರ ಅರ್ಥವಲ್ಲ. 'ಹಲ್ಲೆಲೂಯಾ' ಎಂಬ ಪದದ ಕೊನೆಯಲ್ಲಿರುವ 'ಯಾ' ಆ ನಾಮದ ಹ್ರಸ್ವರೂಪವೇ. ಅದನ್ನು ಗ್ರೀಕರೂ ಲ್ಯಾಟಿನರೂ ಕನ್ನಡಿಗರೂ ಅನುವಾದಿಸದೆ ಹಾಡಿದ್ದಾರೆ. ಲ್ಯಾಟಿನ್ ಪೂಜಾವಿಧಿ 'ಸಾಬಾವೋತ್' ಎಂಬ ಬಿರುದನ್ನೂ ಹಾಗೆಯೇ ಉಳಿಸಿಕೊಂಡಿತು. 'ಸತ್ಯವೇದ' ಅದನ್ನು 'ಸೇನಾಧೀಶ್ವರ'ನೆಂದು ಕನ್ನಡಿಸಿತು.

'ಯೆಹೋವ' ಕನ್ನಡ ಕ್ರೈಸ್ತರ ಕೀರ್ತನೆ ಮತ್ತು ಮನೆಪ್ರಾರ್ಥನೆಗಳಲ್ಲಿ ತಲೆಮಾರುಗಳಿಂದ ಬೇರೂರಿದೆ. ಹುಟ್ಟಿನಲ್ಲಿ ತಪ್ಪಿದ್ದರೂ ಅದು ಈಗ ಕನ್ನಡದ ಭಕ್ತಿಪದ. ನಿಖರತೆಯ ಹೆಸರಿನಲ್ಲಿ ಅದರ ಸ್ಥಾನಕ್ಕೆ 'ಯಾಹ್ವೆ'ಯನ್ನು ತಂದರೆ ಹಳೆಯ ಮೌನವೂ ಮರಳದು, ಕಡಿದ ಕೊಂಡಿಯೂ ಕೂಡದು. ರೂಢಿಯ ಆಪ್ತತೆ ಮಾತ್ರ ಹೋಗುತ್ತದೆ. ಅದಕ್ಕಿಂತ, 'ಕರ್ತ' ಎಂಬ ಪದದ ಹಿಂದೆ ಯಾವ ಹೆಸರಿದೆ ಎಂಬುದನ್ನು ಅಡಿಟಿಪ್ಪಣಿ ಮತ್ತು ಬೋಧನೆಯ ಮೂಲಕ ತಿಳಿಸುವುದೇ ಅನುವಾದಕರ ಹಾಗೂ ಸಭೆಗಳ ಮುಂದಿರುವ ನಿಜವಾದ ಕೆಲಸ.