‘ಮು’ ಎಲ್ಲಿ ಹೋಯ್ತು?

ಲಿನಕ್ಸ್‌ನಲ್ಲಿ ‘ಕಟ್’ ಅಂತ ಒಂದು ಪುಟ್ಟ ಕಮಾಂಡ್ ಇದೆ. ಉದ್ದನೆ ಪಟ್ಟಿಯಿಂದ ಬೇಕಾದ ಕಾಲಂ ಎತ್ತಿಕೊಡೋದರಲ್ಲಿ ಗಟ್ಟಿಗ. ‘ಮೈಸೂರು,ಟಿ. ನರಸೀಪುರ,ಮುಡುಕುತೊರೆ’ ಅನ್ನೋ ಸಾಲನ್ನ ಅಲ್ಪವಿರಾಮಕ್ಕೆ ಒಡೆದು ಮೂರನೇದು ಕೊಡು ಅಂದರೆ ಊರು ಇಡಿಯಾಗಿ ಸಿಗುತ್ತೆ. ಇಲ್ಲಿವರೆಗೆ ಶಭಾಷ್.

ಈಗ ಅದೇ ಊರಿನ ಮೊದಲ ಅಕ್ಷರ ಕೇಳಿ. ಪೋಸಿಕ್ಸ್ ಮಾನದಂಡದಲ್ಲಿ ‘ಮೈನಸ್ ಸಿ’ ಅಂದರೆ ಕ್ಯಾರೆಕ್ಟರ್. ಆದರೆ ಗ್ನೂ ಕಟ್ ದಶಕಗಳ ಕಾಲ ಎಣಿಸಿದ್ದು ಬೈಟ್‌ಗಳನ್ನ. ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಒಂದು ಬೈಟ್, ಹಾಗಾಗಿ ವ್ಯತ್ಯಾಸವೇ ಕಾಣಲ್ಲ. ಯುಟಿಎಫ್-8ರಲ್ಲಿ ನಮ್ಮ ‘ಮ’ಕಾರಕ್ಕೆ 3 ಬೈಟ್, ಅದರ ಕೊಂಬಿಗೆ ಇನ್ನೂ 3. ಇಡೀ ಮುಡುಕುತೊರೆಗೆ 30. ಹೆಸರನ್ನ 20ಕ್ಕೆ ಮೊಟಕು ಮಾಡಿ ಅಂದರೆ ‘ಮುಡುಕು’ ಉಳಿದು, ಬಾಲಕ್ಕೆ ಓದಲಾಗದ ಕಸ. ಎರರ್ ಮೆಸೇಜೂ ಬರಲ್ಲ.

ಗಾಕ್‌ನಲ್ಲಿ ಮೊದಲಕ್ಷರ ಕೇಳಿದರೆ ಬರೀ ‘ಮ’, ಕೊಂಬು ಮಾಯ. ‘ಗ್ರೆಪ್ ಮೈನಸ್ ಪಿ’ಯಲ್ಲಿ ಬ್ಯಾಕ್‌ಸ್ಲ್ಯಾಶ್ ಎಕ್ಸ್ ಹಾಕಿದರೆ ‘ಮು’ ಸಿಗುತ್ತೆ. ಆದರೆ ಅಲ್ಲಿನ ಬೆಟ್ಟದ ಮೇಲಿರೋ ಮಲ್ಲಿಕಾರ್ಜುನನನ್ನ ಕೊಟ್ಟು ನೋಡಿ: ಒತ್ತಕ್ಷರ ಸೀಳಿ, ‘ಮಲ್ಲಿಕಾರ್ಜುನ’ದ 5 ಅಕ್ಷರ ಸಾಮಾನ್ಯವಾಗಿ 7 ಚೂರು.

1991ರಲ್ಲೇ ಯೂನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಿತು. ಜಾಗ ಸಿಕ್ಕಿದ್ರೆ ಸಾಲದು, ಕತ್ತರಿಗೆ ಅಕ್ಷರ ಅಂದ್ರೇನು ಅಂತಾನೂ ಗೊತ್ತಿರಬೇಕು. ಅಲ್ಲಿವರೆಗೆ ಕನ್ನಡದ ಫೈಲಿನಲ್ಲಿ ಕಾಲಂ ವಿಚಾರಕ್ಕೆ ಕಟ್ ನಂಬಿ. ಅಕ್ಷರದ ವಿಚಾರಕ್ಕೆ ಬೇಡ. ಅದು ಕತ್ತರಿಸೋದು ಒಬ್ಬರ ಊರಿನ ಹೆಸರನ್ನ.